ಮುಚ್ಚಳ ನೋಡಿ ಗ್ರಿಲ್ ಕೊಳ್ಳಿ

ಮೇ ತಿಂಗಳ ಕೊನೆಯ ಸೋಮವಾರದ ಮೆಮೋರಿಯಲ್ ಡೇ ಹತ್ತಿರ ಬಂತೆಂದರೆ ಅಮೆರಿಕದ ಹಾರ್ಡ್‌ವೇರ್ ಅಂಗಡಿಗಳ ಮುಂದೆ ಗ್ರಿಲ್‌ಗಳು ಸಾಲುಗಟ್ಟಿ ನಿಲ್ಲುತ್ತವೆ. ಚಳಿಗಾಲದಲ್ಲಿ ಮನೆ ಕೊಂಡು, ಹಿಮ ಕರಗಿದ ಮೇಲಷ್ಟೇ ತಮ್ಮ ಹಿತ್ತಲನ್ನು ಸರಿಯಾಗಿ ಕಂಡ ಕನ್ನಡದ ಕುಟುಂಬಗಳಿಂದ ಆ ದಿನಗಳಲ್ಲಿ ನನಗೆ ಫೋನ್ ಬರುತ್ತದೆ. "ನಾಲ್ಕು ಬರ್ನರ್ ಇರೋದು ಸಾಕಾಗತ್ತಾ, ಆರು ಇರೋದೇ ತಗೊಳ್ಳೋದಾ?" ನಾನು ತಿರುಗಿ ಕೇಳುವುದು ಬೇರೆಯದೇ: ಮುಚ್ಚಳ ಹಾಕಿದಾಗ ಸುತ್ತ ಎಷ್ಟು ಸಂದಿ ಕಾಣುತ್ತದೆ? ಗಾಳಿ ಒಳಗೆ ಹೋಗುವ ಕಿಂಡಿ ಎಲ್ಲಿದೆ, ಹೊರಗೆ ಬರುವ ಕಿಂಡಿ ಎಲ್ಲಿದೆ?

ಇದ್ದಿಲು ತನಗೆ ಸಿಕ್ಕ ಗಾಳಿಯಷ್ಟೇ ಉರಿಯುತ್ತದೆ. ಒಂದು ಬುಟ್ಟಿ ಇದ್ದಿಲು ಸುರಿದರೂ ಕಿಂಡಿ ಅರ್ಧ ಮುಚ್ಚಿದ್ದರೆ ಸಣ್ಣ ಕಾವು, ಪೂರ್ತಿ ತೆರೆದರೆ ಕುಲುಮೆ. ಸೌದೆ ಒಲೆಯ ಮುಂದೆ ಊದುಕೊಳವೆ ಹಿಡಿದು ಕೂತ ನಮ್ಮ ಅಜ್ಜಿಯರು ಮಾಡುತ್ತಿದ್ದುದೂ ಇದನ್ನೇ. ಆದ್ದರಿಂದ ಹಿತ್ತಲಿಗೆ ಒಲೆ ಕೊಳ್ಳುವಾಗ ನಾವು ನಿಜವಾಗಿ ಕೊಳ್ಳಬೇಕಾದದ್ದು ಗಾಳಿಯ ಮೇಲಿನ ಹಿಡಿತವನ್ನು. ಉಳಿದ ಹೊಳಪು, ದೀಪ, ಪಕ್ಕದ ಸಣ್ಣ ಬರ್ನರ್ ಇವೆಲ್ಲ ಅದರ ನಂತರದ ಮಾತು.

ಈ ಮಾತಿಗೆ ಷಿಕಾಗೋದ ಒಂದು ಹಳೆಯ ಸಾಕ್ಷಿ ಇದೆ. ಅಲ್ಲಿನ ವೆಬರ್ ಬ್ರದರ್ಸ್ ಮೆಟಲ್ ವರ್ಕ್ಸ್‌ನಲ್ಲಿ ಜಾರ್ಜ್ ಸ್ಟೀಫನ್ ಕೆಲಸ ಮಾಡುತ್ತಿದ್ದರು. ನೀರಿನ ಮೇಲೆ ತೇಲಿಬಿಟ್ಟು ದೋಣಿಗಳಿಗೆ ದಾರಿ ತೋರಿಸುವ ಲೋಹದ ತೇಲುಗುಂಡುಗಳು ಆ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದವು. ಆಗ ಹಿತ್ತಲುಗಳಲ್ಲಿದ್ದದ್ದು ತೆರೆದ, ಚಪ್ಪಟೆ ಬಾಣಲಿಯಂಥ ಗ್ರಿಲ್‌ಗಳು. ಗಾಳಿ ಬೀಸಿದರೆ ಬೂದಿ ಮಾಂಸದ ಮೇಲೆ, ಮಳೆ ಬಂದರೆ ಕೆಂಡ ಆರಿತು. 1952ರಲ್ಲಿ ಸ್ಟೀಫನ್ ಒಂದು ತೇಲುಗುಂಡನ್ನು ಅಡ್ಡ ಕತ್ತರಿಸಿ, ಕೆಳಗಿನ ಅರ್ಧಕ್ಕೆ ಮೂರು ಕಾಲು, ಮೇಲಿನ ಅರ್ಧಕ್ಕೆ ಹಿಡಿ ಹಾಕಿದರು. ಮೊದಮೊದಲು ಮುಚ್ಚಿದ ಕೂಡಲೇ ಕೆಂಡ ಆರುತ್ತಿತ್ತು, ಗಾಳಿಗೆ ತೂತು ಬೇಕೆಂದು ನೆರೆಯವರೊಬ್ಬರು ಹೇಳಿದ ಮೇಲೆ ಸರಿಹೋಯಿತು ಎಂದು ಹೇಳುತ್ತಾರೆ. ಇವತ್ತಿಗೂ ಅದೇ ಗುಂಡು ಆಕಾರ, ಕೆಳಗೊಂದು ಕಿಂಡಿ, ಮುಚ್ಚಳದಲ್ಲೊಂದು ಕಿಂಡಿ. ಕೆಟಲ್ ಎಂದು ಕರೆಯುವ ಈ ಗ್ರಿಲ್‌ನಲ್ಲಿ ಎಪ್ಪತ್ತು ವರ್ಷಗಳಲ್ಲಿ ಬದಲಾಗಿರುವುದು ಸಣ್ಣಪುಟ್ಟ ಸಂಗತಿಗಳು ಮಾತ್ರ.

ಹೊಸಬರಿಗೆ ನಾನು ಹೇಳುವುದು ಇದನ್ನೇ: 22 ಇಂಚಿನ ಕೆಟಲ್ ಕೊಳ್ಳಿ. ಬೆಲೆ ಸುಮಾರು 200 ಡಾಲರಿನ ಆಸುಪಾಸು. ಇದ್ದಿಲನ್ನೆಲ್ಲ ಒಂದು ಬದಿಗೆ ಒತ್ತಿಟ್ಟರೆ ಇನ್ನೊಂದು ಬದಿ ಖಾಲಿ ಉಳಿಯುತ್ತದೆ. ಕೆಂಡದ ನೇರ ಮೇಲೆ ಮೆಕ್ಕೆಜೋಳದ ತೆನೆಯನ್ನೋ ಮೀನನ್ನೋ ಚುರುಕಾಗಿ ಸುಡಬಹುದು. ಖಾಲಿ ಬದಿಗೆ ಇಡೀ ಕೋಳಿ ಇಟ್ಟು ಮುಚ್ಚಳ ಮುಚ್ಚಿದರೆ ಅದು ಓವನ್ ಆಗುತ್ತದೆ. ಮುಚ್ಚಳದ ಕಿಂಡಿ ಕೋಳಿಯ ಮೇಲೆ ಬರುವಂತೆ ತಿರುಗಿಸಿಡಿ, ಕೆಂಡದ ಬಿಸಿಯೂ ಹೊಗೆಯೂ ಅದರ ಮೇಲೇ ಹಾದು ಹೊರಗೆ ಹೋಗುತ್ತವೆ. ಕೋಳಿಯ ದಪ್ಪ ಭಾಗದ ಒಳಗೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೆಯೇ ಇಳಿಸಬೇಕು. ಅಮೆರಿಕದ ಥರ್ಮಾಮೀಟರ್ ಅದನ್ನು 165 ಎಂದು ತೋರಿಸುತ್ತದೆ.

ಮಾಂಸ ತಿನ್ನದ ಮನೆಗೆ ಗ್ರಿಲ್ ಯಾಕೆ ಎನ್ನುವವರಿಗೆ ನನ್ನ ಉತ್ತರ ಬದನೆಕಾಯಿ. ದಪ್ಪ ಗುಂಡು ಬದನೆಯನ್ನು ಕೆಂಡದ ಮೇಲೇ ಇಟ್ಟು, ಸಿಪ್ಪೆ ಪೂರ್ತಿ ಕಪ್ಪಾಗಿ ಕಾಯಿ ಕುಸಿಯುವವರೆಗೆ ಬಿಡಿ. ಸಿಪ್ಪೆ ಸುಲಿದು, ಹಸಿಮೆಣಸು, ಈರುಳ್ಳಿ, ಕೊತ್ತಂಬರಿ, ಮೊಸರು ಸೇರಿಸಿ ಇಂಗಿನ ಒಗ್ಗರಣೆ ಕೊಟ್ಟರೆ ಆ ಮೊಸರುಬಜ್ಜಿಯಲ್ಲಿ ಕೆಂಡದ ರುಚಿ ಉಳಿದಿರುತ್ತದೆ. ಅಡುಗೆಮನೆಯ ಎಲೆಕ್ಟ್ರಿಕ್ ಒಲೆಯಲ್ಲಿ ಅದು ಎಂದೂ ಬಾರದು. ಇನ್ನೊಂದು ಮಾತು. ನಮ್ಮವರ ಸೇರುವಿಕೆಗಳಲ್ಲಿ ಸಸ್ಯಾಹಾರಿಗಳೂ ಮಾಂಸಾಹಾರಿಗಳೂ ಒಟ್ಟಿಗೇ ಇರುತ್ತಾರೆ. ಒಂದೇ ಜಾಲರಿಯನ್ನು ಗೆರೆ ಎಳೆದು ಹಂಚಿಕೊಂಡರೆ ಅತಿಥಿಗಳ ಮನಸ್ಸಿಗೆ ನೆಮ್ಮದಿ ಇರುವುದಿಲ್ಲ. ಒಂದು ದೊಡ್ಡ ಗ್ಯಾಸ್ ಗ್ರಿಲ್‌ಗೆ ಕೊಡುವ ದುಡ್ಡಿನಲ್ಲಿ 22 ಇಂಚಿನದೊಂದು, 18 ಇಂಚಿನದೊಂದು, ಹೀಗೆ ಎರಡು ಕೆಟಲ್ ಬರುತ್ತವೆ. ಚಿಕ್ಕದನ್ನು ಶುದ್ಧ ಸಸ್ಯಾಹಾರಕ್ಕೇ ಮೀಸಲಿಡಿ.

ಗ್ಯಾಸ್ ಗ್ರಿಲ್ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಕೆಲಸದ ದಿನ ಸಂಜೆ ಆರೂವರೆಗೆ ಮನೆಗೆ ಬಂದು ಏಳೂವರೆಗೆ ಮಕ್ಕಳಿಗೆ ಊಟ ಹಾಕಬೇಕಾದವರಿಗೆ ಅದೇ ಸರಿ. ಆದರೆ ಪೆಟ್ಟಿಗೆಯ ಮೇಲಿನ ದೊಡ್ಡ ಬಿಟಿಯು ಸಂಖ್ಯೆಗೆ ಮರುಳಾಗಬೇಡಿ. ಅದು ಒಂದು ಗಂಟೆಗೆ ಎಷ್ಟು ಅನಿಲ ಸುಡುತ್ತದೆ ಎನ್ನುವ ಲೆಕ್ಕ, ಆಹಾರಕ್ಕೆ ಎಷ್ಟು ಕಾವು ತಾಗುತ್ತದೆ ಎನ್ನುವುದಲ್ಲ. ಅದನ್ನು ಜಾಲರಿಯ ಚದರ ಇಂಚುಗಳಿಂದ ಭಾಗಿಸಿ ನೋಡಿ, 80ರಿಂದ 100ರ ನಡುವೆ ಬಂದರೆ ಸಾಕು. ಮತ್ತೆ, ಗ್ಯಾಸ್ ಗ್ರಿಲ್‌ನ ಹಿಂಭಾಗದಲ್ಲಿ ಉದ್ದಕ್ಕೂ ಸಂದಿ ಬಿಟ್ಟಿರುತ್ತಾರೆ. ಉರಿದ ಅನಿಲ ಹೊರಗೆ ಹೋಗಲು ಅದು ಬೇಕೇ ಬೇಕು. ಆ ಸಂದಿಯಿಂದಲೇ ಹೊಗೆಯೂ ಹೊರಟುಹೋಗುವುದರಿಂದ, ಮರದ ಚಕ್ಕೆಯ ಡಬ್ಬಿ ಇಟ್ಟು ಅದನ್ನೇ ಸ್ಮೋಕರ್ ಮಾಡಿಕೊಳ್ಳುವ ಆಸೆ ಹೆಚ್ಚು ಫಲ ಕೊಡುವುದಿಲ್ಲ.

ಈಗ ಹೊಗೆಯ ವಿಷಯ. ಇಲ್ಲಿ ನಿಧಾನವಾಗಿ ಮಾತಾಡಬೇಕು.

ಹೊಗೆಯಲ್ಲಿ ಬೇಯಿಸುವುದೆಂದರೆ 225ರಿಂದ 250 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 107ರಿಂದ 121 ಸೆಲ್ಸಿಯಸ್ ಕಾವಿನಲ್ಲಿ ಗಂಟೆಗಟ್ಟಲೆ ಇಡುವುದು. ದನದ ಎದೆಭಾಗದ ಬ್ರಿಸ್ಕೆಟ್, ಹಂದಿಯ ಭುಜ ಇವು ಕೆಲಸ ಮಾಡಿ ಗಟ್ಟಿಯಾದ ಸ್ನಾಯುಗಳು. ಅವುಗಳಲ್ಲಿರುವ ಕೊಲಾಜೆನ್ ಕರಗಿ ಜೆಲಟಿನ್ ಆಗಲು ಬಹಳ ಹೊತ್ತು ಬೇಕು. ಒಳಗಿನ ಉಷ್ಣಾಂಶ 65-75 ಸೆಲ್ಸಿಯಸ್ ಸುತ್ತಮುತ್ತ ಬಂದಾಗ ಮುಳ್ಳು ಗಂಟೆಗಟ್ಟಲೆ ಅಲುಗದೆ ನಿಲ್ಲುತ್ತದೆ. ಮಾಂಸದ ಮೇಲ್ಮೈಯ ನೀರು ಆವಿಯಾಗುತ್ತ ಅದನ್ನು ತಂಪು ಮಾಡುತ್ತಿರುವುದೇ ಕಾರಣ, ನಮ್ಮ ಬೆವರಿನ ಹಾಗೆ. ಗಾಬರಿಯಾಗಿ ಕಾವು ಏರಿಸುವವರು ಕೆಡಿಸುವುದು ಇಲ್ಲಿಯೇ. ಕೊನೆಗೆ 95ರ ಹತ್ತಿರ ಬಂದಾಗ ಕಡ್ಡಿ ಚುಚ್ಚಿದರೆ ಬೆಣ್ಣೆಯೊಳಗೆ ಹೋದಂತೆ ಹೋಗಬೇಕು.

ಹೊಗೆ ಎಂದರೆ ದಟ್ಟವಾಗಿ ಬಿಳಿ ಮೋಡದಂತೆ ಬರಬೇಕು ಎಂದು ಅನೇಕರು ತಿಳಿದಿದ್ದಾರೆ. ಅದು ತಪ್ಪು. ಗಾಳಿ ಸಾಲದೆ ಉಸಿರುಗಟ್ಟಿದ ಮರ ಬಿಳಿ ಹೊಗೆ ಕಾರುತ್ತದೆ, ಮಾಂಸದ ಮೇಲೆ ಕಹಿ ಪದರ ಬಿಡುತ್ತದೆ. ಬೇಕಾದದ್ದು ಕಣ್ಣಿಗೆ ಕಂಡೂ ಕಾಣದಂಥ ತೆಳು ನೀಲಿ ಹೊಗೆ. ಮರದಲ್ಲಿರುವ ಲಿಗ್ನಿನ್ ಬಿಸಿಗೆ ಒಡೆದಾಗ ಹುಟ್ಟುವ ಗ್ವಾಯಕಾಲ್, ಸಿರಿಂಗಾಲ್ ಎಂಬ ವಸ್ತುಗಳೇ ಆ ಪರಿಮಳಕ್ಕೂ ರುಚಿಗೂ ಮೂಲ. ಅವು ಸ್ವಚ್ಛವಾಗಿ ಬರಬೇಕಾದರೆ ಬೆಂಕಿ ಚಿಕ್ಕದಿರಬೇಕು, ಮರ ಒಣಗಿರಬೇಕು, ಗಾಳಿ ಧಾರಾಳ ಇರಬೇಕು. ಚಕ್ಕೆಯನ್ನು ನೀರಲ್ಲಿ ನೆನೆಸಿ ಹಾಕಿ ಎಂಬ ಸಲಹೆ ಎಲ್ಲ ಕಡೆ ಕೇಳಿಬರುತ್ತದೆ. ಅದನ್ನು ಬಿಟ್ಟುಬಿಡಿ, ನೀರು ಆವಿಯಾಗಿ ಹೋಗುವವರೆಗೆ ಅದರಿಂದ ಬರುವುದು ಬರೀ ಹಬೆ.

ಇದನ್ನು ತಿಳಿದ ಮೇಲೆ ಸ್ಮೋಕರ್ ಆರಿಸುವುದು ಸುಲಭ. ಟೆಕ್ಸಾಸ್‌ನ ರೂಢಿಯದು ಆಫ್‌ಸೆಟ್ ಸ್ಮೋಕರ್: ಉದ್ದನೆಯ ಕಬ್ಬಿಣದ ಕೊಳವೆ, ಒಂದು ಪಕ್ಕಕ್ಕೆ ಬೆಂಕಿಯ ಪೆಟ್ಟಿಗೆ, ಇನ್ನೊಂದು ಪಕ್ಕಕ್ಕೆ ಚಿಮಣಿ. ಅಲ್ಲಿನ ಲಾಕ್‌ಹಾರ್ಟ್ ಎಂಬ ಪುಟ್ಟ ಊರಿನ ಬಾರ್ಬೆಕ್ಯೂ ಅಂಗಡಿಗಳಲ್ಲಿ ಕ್ರೂಟ್ಸ್ ಮಾರ್ಕೆಟ್ 1900ರಿಂದ ನಡೆದುಬಂದಿದೆ, ಬ್ಲ್ಯಾಕ್ಸ್ 1932ರಿಂದ. ಆಸ್ಟಿನ್‌ನಲ್ಲಿ 2009ರಲ್ಲಿ ಒಂದು ಟ್ರೇಲರ್‌ನಲ್ಲಿ ಇಂಥದೇ ಅಂಗಡಿ ಶುರು ಮಾಡಿದ ಆರನ್ ಫ್ರ್ಯಾಂಕ್ಲಿನ್‌ಗೆ 2015ರಲ್ಲಿ ಜೇಮ್ಸ್ ಬಿಯರ್ಡ್ ಪ್ರಶಸ್ತಿ ಬಂತು. ಅಲ್ಲಿಯ ಬ್ರಿಸ್ಕೆಟ್‌ಗೆ ಮಸಾಲೆ ಎಂದರೆ ಉಪ್ಪು, ಕಾಳುಮೆಣಸು, ಪೋಸ್ಟ್ ಓಕ್ ಮರದ ಹೊಗೆ, ಅಷ್ಟೇ. ಆ ರುಚಿಗೆ ಮನಸೋತು ಆಫ್‌ಸೆಟ್ ಕೊಳ್ಳಲು ಹೊರಟವರಿಗೆ ಒಂದು ಕಿವಿಮಾತು: ಕಾಲು ಇಂಚು ದಪ್ಪದ ಉಕ್ಕಿನದನ್ನು ಕೊಳ್ಳುವ ಶಕ್ತಿ ಇದ್ದರೆ ಮಾತ್ರ ಕೊಳ್ಳಿ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ತೆಳು ತಗಡಿನವು ಪ್ರತಿ ಸಂದಿಯಲ್ಲೂ ಗಾಳಿ ಸೋರುತ್ತವೆ, ಕಾವು ಹಿಡಿದಿಡುವುದಿಲ್ಲ. ಅಲ್ಲದೆ ಇದರ ಮುಂದೆ ಹಗಲೆಲ್ಲ ಕೂತು, ಮುಕ್ಕಾಲು ಗಂಟೆಗೋ ಒಂದು ಗಂಟೆಗೋ ಒಂದೊಂದು ಸೌದೆ ಹಾಕುತ್ತಿರಬೇಕು. ಅದನ್ನು ಸುಖವೆಂದು ಬಗೆಯುವವರಿಗೆ ಇದಕ್ಕಿಂತ ಒಳ್ಳೆಯ ಒಲೆ ಇಲ್ಲ.

ಅಷ್ಟು ಹೊತ್ತು ಇಲ್ಲದವರಿಗೆ ಬುಲೆಟ್ ಆಕಾರದ ಸ್ಮೋಕರ್ ಇದೆ. ಕೆಳಗೆ ಇದ್ದಿಲು, ನಡುವೆ ನೀರಿನ ತಟ್ಟೆ, ಮೇಲೆ ಜಾಲರಿ. ವೆಬರ್ ಕಂಪನಿ 1981ರಿಂದ ಮಾರುತ್ತಿರುವ ಸ್ಮೋಕಿ ಮೌಂಟನ್ ಈ ಬಗೆಯದು. ನೀರು ಕಾವನ್ನು ಸ್ಥಿರವಾಗಿಡುತ್ತದೆ, ಒಮ್ಮೆ ಹದ ಸಿಕ್ಕರೆ ರಾತ್ರಿಯಿಡೀ ತಂಟೆಯಿಲ್ಲದೆ ನಡೆಯುತ್ತದೆ. ಬೆಲೆಗೆ ತಕ್ಕ ಫಲದಲ್ಲಿ ಸ್ಮೋಕರ್‌ಗಳ ಪೈಕಿ ನನ್ನ ಓಟು ಇದಕ್ಕೇ.

ಜಪಾನಿನ ಕಮಾಡೊ ಮಾದರಿಯದು ಗಾಳಿಯ ವಿಷಯದಲ್ಲಿ ಎಲ್ಲಕ್ಕಿಂತ ಮೇಲು. ಎಡ್ ಫಿಶರ್ 1974ರಲ್ಲಿ ಅಟ್ಲಾಂಟಾದಲ್ಲಿ ಬಿಗ್ ಗ್ರೀನ್ ಎಗ್ ಹೆಸರಿನಲ್ಲಿ ಅದನ್ನು ಅಮೆರಿಕದ ಹಿತ್ತಲಿಗೆ ತಂದರು. ದಪ್ಪ ಸೆರಾಮಿಕ್ ಗೋಡೆ ಕಾವನ್ನು ಒಳಗೇ ಇಟ್ಟುಕೊಳ್ಳುವುದರಿಂದ ಬೆರಳಗಲದ ಕಿಂಡಿ ಸಾಕು, ಒಂದು ಸಲ ತುಂಬಿದ ಇದ್ದಿಲು ಅರ್ಧ ದಿನ ಬಾಳುತ್ತದೆ. ಕಿಂಡಿ ಪೂರ್ತಿ ತೆರೆದರೆ ತಂದೂರಿನ ಕಾವು ಏರುತ್ತದೆ, ನಾನ್ ಕೂಡ ಸುಡಬಹುದು. ಆದರೆ ದೊಡ್ಡ ಅಳತೆಯದಕ್ಕೆ ಸಾವಿರ ಡಾಲರ್ ದಾಟುತ್ತದೆ, 70 ಕೆ.ಜಿ.ಗೂ ಹೆಚ್ಚು ತೂಕ, ಬಿದ್ದರೆ ಒಡೆಯುತ್ತದೆ. ಒಮ್ಮೆ ಕಾವು ಮಿತಿಮೀರಿದರೆ ಇಳಿಸಲು ಗಂಟೆಗಟ್ಟಲೆ ಕಾಯಬೇಕು.

ಪೆಲೆಟ್ ಗ್ರಿಲ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಆರೆಗಾನ್‌ನ ಜೋ ಟ್ರೇಗರ್ 1980ರ ದಶಕದಲ್ಲಿ ಹುಟ್ಟುಹಾಕಿದ ಯಂತ್ರವಿದು. ಮರದ ಪುಡಿಯನ್ನು ಒತ್ತಿ ಮಾಡಿದ ಸಣ್ಣ ಕಡ್ಡಿತುಂಡುಗಳನ್ನು ತಿರುಪು ಒಳಗೆ ತಳ್ಳುತ್ತದೆ, ಫ್ಯಾನು ಗಾಳಿ ಊದುತ್ತದೆ, ಕಾವು ಎಷ್ಟಿರಬೇಕೆಂದು ನಾವು ಗುಂಡಿ ತಿರುಗಿಸಿ ಹೇಳುತ್ತೇವೆ. ಗಾಳಿಯ ಹಿಡಿತವನ್ನು ಯಂತ್ರಕ್ಕೆ ಒಪ್ಪಿಸಿದ ಹಾಗಾಯಿತು, ಅದು ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಉರಿ ಅಷ್ಟು ಸ್ವಚ್ಛವಾಗಿರುವುದರಿಂದ ಹೊಗೆಯ ರುಚಿ ಮಾತ್ರ ಹಗುರ. ವಿದ್ಯುತ್ ಬೇಕು, ಪೆಲೆಟ್ ಮಳೆಗೆ ನೆನೆದರೆ ಉಬ್ಬಿ ಪುಡಿಯಾಗುತ್ತದೆ. ಅಡುಗೆ ಮುಖ್ಯ, ಬೆಂಕಿಯ ಜೊತೆಗಿನ ಒಡನಾಟ ಬೇಡ ಎನ್ನುವವರು ಧೈರ್ಯವಾಗಿ ಕೊಳ್ಳಲಿ.

ಕೆಟಲ್ ಇರುವವರು ಬೇರೆ ಸ್ಮೋಕರ್ ಕೊಳ್ಳುವ ಮೊದಲು ಒಂದು ಬೇಸಿಗೆ ಅದರಲ್ಲೇ ಹೊಗೆ ಹಾಕಿ ನೋಡಬೇಕೆಂಬುದು ನನ್ನ ಆಗ್ರಹ. ಇದ್ದಿಲಿನ ಬ್ರಿಕೆಟ್ಟುಗಳನ್ನು ಗೋಡೆಯ ಗುಂಟ ಎರಡೆರಡಾಗಿ ಅರ್ಧಚಂದ್ರಾಕಾರದಲ್ಲಿ ಜೋಡಿಸಿ, ಅವುಗಳ ಮೇಲೆ ಅಲ್ಲಲ್ಲಿ ಹಿಕರಿ ಅಥವಾ ಸೇಬಿನ ಮರದ ತುಂಡು ಇಟ್ಟು, ಒಂದು ತುದಿಗೆ ಮಾತ್ರ ಕೆಂಡ ಮುಟ್ಟಿಸಿ. ಬತ್ತಿಯಂತೆ ಒಂದರಿಂದೊಂದು ಹೊತ್ತಿಕೊಂಡು ಐದಾರು ಗಂಟೆ ನಡೆಯುತ್ತದೆ. ಹಂದಿಯ ಪಕ್ಕೆಲುಬಿಗೆ ಅಷ್ಟು ಸಾಕು. ಕೊಡಗಿನಿಂದ ತಂದ ಕಾಚಂಪುಳಿ ಮನೆಯಲ್ಲಿದ್ದರೆ, ಅದಕ್ಕೆ ಬೆಲ್ಲ, ಕಾಳುಮೆಣಸು ಸೇರಿಸಿ ಕುದಿಸಿ ಕೊನೆಯ ಅರ್ಧ ಗಂಟೆಯಲ್ಲಿ ಹಚ್ಚಿ. ಒಲೆಯ ಮೇಲೆ ಮಾಂಸ ತೂಗುಹಾಕಿ ಹೊಗೆಗೆ ಒಣಗಿಸುವ ನಾಡಿನ ಹುಳಿ ಅದು, ಹೊಗೆಯ ಜೊತೆ ಅದಕ್ಕಿರುವ ಹೊಂದಿಕೆಯನ್ನು ಬಾಟಲಿಯ ಬಾರ್ಬೆಕ್ಯೂ ಸಾಸ್‌ಗಳಲ್ಲಿ ನಾನು ಕಂಡಿಲ್ಲ.

ಅಂಗಡಿಗೆ ಹೋಗುವಾಗ ಕಿಸೆಯಲ್ಲಿ ಒಂದು ಸಣ್ಣ ಅಯಸ್ಕಾಂತ ಇರಲಿ. ಸ್ಟೇನ್‌ಲೆಸ್ ಎಂದು ಬರೆದಿದ್ದರೂ ಅಯಸ್ಕಾಂತ ಗಟ್ಟಿಯಾಗಿ ಹಿಡಿದರೆ ಅದು ಅಗ್ಗದ 430ರ ಜಾತಿ, ಬೇಗ ತುಕ್ಕು ಹಿಡಿಯುತ್ತದೆ. 304 ಆದರೆ ಹಿಡಿಯುವುದಿಲ್ಲ. ಮುಚ್ಚಳ ಹಾಕಿ ಅಲ್ಲಾಡಿಸಿ ನೋಡಿ, ಕಿಂಡಿಯ ತಗಡು ಸಲೀಸಾಗಿ ಜರುಗಿ ಪೂರ್ತಿ ಮುಚ್ಚಿಕೊಳ್ಳಬೇಕು, ಇಲ್ಲವಾದರೆ ಅಡುಗೆ ಮುಗಿದ ಮೇಲೆ ಉಳಿದ ಇದ್ದಿಲನ್ನು ಆರಿಸಿ ಮುಂದಿನ ವಾರಕ್ಕೆ ಉಳಿಸಿಕೊಳ್ಳಲು ಆಗದು. ಮುಚ್ಚಳದ ಮೇಲಿನ ಮುಳ್ಳನ್ನು ನಂಬಬೇಡಿ. ಅದು ತೋರಿಸುವುದು ಮುಚ್ಚಳದ ಅಡಿಯ ಕಾವು, ಜಾಲರಿಯದ್ದಲ್ಲ.

ಎಲ್ಲಿ ಇಡುತ್ತೀರಿ ಎನ್ನುವುದನ್ನೂ ಮೊದಲೇ ಯೋಚಿಸಿ. ಮನೆಯ ಹೊರಗೋಡೆಗೆ ಹೊದಿಸಿದ ವಿನೈಲ್ ಕಾವಿಗೆ ಕರಗಿ ಸುಕ್ಕಾಗುತ್ತದೆ. ಅಪಾರ್ಟ್‌ಮೆಂಟಿನ ಮರದ ಬಾಲ್ಕನಿಯಲ್ಲಿ ಇದ್ದಿಲು ಹಚ್ಚಲು ಅನೇಕ ಊರುಗಳ ಅಗ್ನಿಶಾಮಕ ನಿಯಮ ಒಪ್ಪುವುದಿಲ್ಲ, ಕೊಳ್ಳುವ ಮುಂಚೆ ವಿಚಾರಿಸಿ. ಮಳೆ ಬಂತೆಂದು ಗ್ಯಾರೇಜಿನೊಳಗೆ ತಳ್ಳಿಕೊಂಡು, ಬಾಗಿಲು ತೆರೆದಿದೆಯಲ್ಲ ಎಂದು ಅಡುಗೆ ಮುಂದುವರಿಸಬೇಡಿ. ಇದ್ದಿಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಅದು ಜೀವ ತೆಗೆಯುತ್ತದೆ.

ಅವಸರ ಇಲ್ಲದಿದ್ದರೆ ಸೆಪ್ಟೆಂಬರಿನ ಲೇಬರ್ ಡೇ ನಂತರ ಕೊಳ್ಳಿ, ಅಂಗಡಿಗಳು ಜಾಗ ಖಾಲಿ ಮಾಡಲು ಬೆಲೆ ಇಳಿಸುತ್ತವೆ. ಉಳಿಸಿದ ಹಣದಲ್ಲಿ ಮಾಂಸದೊಳಗೆ ಚುಚ್ಚುವ ಒಳ್ಳೆಯ ಥರ್ಮಾಮೀಟರನ್ನೂ ಇದ್ದಿಲು ಹೊತ್ತಿಸುವ ತಗಡಿನ ಚಿಮಣಿಯನ್ನೂ ತನ್ನಿ. ಎರಡು ಹಾಳೆ ಹಳೆಯ ಪತ್ರಿಕೆ ಅಡಿಗಿಟ್ಟು ಕಡ್ಡಿ ಗೀರಿದರೆ ಇಪ್ಪತ್ತು ನಿಮಿಷದಲ್ಲಿ ಕೆಂಡ ಸಿದ್ಧ. ಲೈಟರ್ ಫ್ಲೂಯಿಡ್ ಡಬ್ಬಿಯನ್ನು ಮಾತ್ರ ಮನೆಗೆ ತರಬೇಡಿ. ಕೆಂಡ ಸರಿಯಾಗಿ ಹೊತ್ತುವ ಮೊದಲೇ ಮುಚ್ಚಳ ಹಾಕಿದರೆ ಅದರ ವಾಸನೆ ಅಡುಗೆಗೆ ಅಂಟುತ್ತದೆ.