ಗಂಜಿ ಕಾಯಿಸಿದವರ ಲೆಕ್ಕ

ಅನಂತಮೂರ್ತಿಯವರ ‘ಸಂಸ್ಕಾರ’ ಬಂದದ್ದು 1965ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ನಮ್ಮ ವಿಮರ್ಶಕರು ಒಂದೇ ಹೆಣದ ಸುತ್ತ ಕೂತಿದ್ದಾರೆ. ನಾರಣಪ್ಪನ ಹೆಣಕ್ಕೆ ಸಂಸ್ಕಾರ ಮಾಡುವ ಅಧಿಕಾರ ಯಾರದು? ಧರ್ಮ ಯಾವುದು, ಕಾಮ ಯಾವುದು? ಪ್ರಾಣೇಶಾಚಾರ್ಯರ ಬಿಕ್ಕಟ್ಟು ಎಂಥದು? ಪುಟಗಟ್ಟಲೆ ಬರೆದರು. ಆದರೆ ಹೆಣವಾಗುವ ಮೊದಲು ನಾರಣಪ್ಪ ಜ್ವರ ಬಂದು ಬಿದ್ದಿದ್ದನಲ್ಲ, ಆಗ ಅವನ ಬಾಯಿಗೆ ನೀರು ಬಿಟ್ಟವರು ಯಾರು? ಆ ರಾತ್ರಿಗಳಲ್ಲಿ ಅವಳು ಕಣ್ಣು ಮುಚ್ಚಿದಳಾ? ಹೀಗೆ ಕೇಳಿದವರು ಕಮ್ಮಿ. ಹೆಣ ಎತ್ತುವುದು ಶಾಸ್ತ್ರದ ಪ್ರಶ್ನೆ. ರೋಗಿಯನ್ನು ಎತ್ತಿ ಕೂರಿಸುವುದು ಬರೀ ಕೆಲಸ. ಕೆಲಸದ ಬಗ್ಗೆ ವಿಮರ್ಶೆ ಬರೆಯುವ ಅಭ್ಯಾಸ ನಮಗಿಲ್ಲ.

ಮೊದಲು ಆಚಾರ್ಯರನ್ನೇ ತಗೊಳ್ಳಿ. ಅವರ ಹೆಂಡತಿ ಭಾಗೀರಥಿ ಹುಟ್ಟಾ ರೋಗಿ. ವರ್ಷಗಟ್ಟಲೆ ಅವರೇ ಅವಳ ಮೈ ತೊಳೆದಿದ್ದಾರೆ, ಗಂಜಿ ಕುಡಿಸಿದ್ದಾರೆ, ಔಷಧಿ ಕೊಟ್ಟಿದ್ದಾರೆ. ಗಂಡಸೊಬ್ಬ ಹೆಂಡತಿಯ ಹಾಸಿಗೆ ಬದಲಿಸುವ ಚಿತ್ರ ನಮ್ಮ ಸಾಹಿತ್ಯದಲ್ಲಿ ಅಪರೂಪ, ಅದನ್ನು ಒಪ್ಪಲೇಬೇಕು. ಆದರೆ ಅವರಿಗೆ ಅದು ಆರೈಕೆಯಲ್ಲ, ತಪಸ್ಸು. ನಿಷ್ಕಾಮಕರ್ಮದಿಂದ ಮೋಕ್ಷಕ್ಕೆ ಹೋಗುವ ದಾರಿ. ಇನ್ನೊಂದು ಮದುವೆ ಮಾಡಿಕೊಳ್ಳಿ ಅಂತ ಭಾಗೀರಥಿ ಹೇಳುತ್ತಾಳೆ. ಗಂಡ ಏನು ಕಳಕೊಂಡಿದ್ದಾನೆ ಅನ್ನೋದು ಮಲಗಿದ್ದವಳಿಗೆ ಕಂಡಿದೆ. ಆಚಾರ್ಯರು ನಕ್ಕುಬಿಡುತ್ತಾರೆ. ರೋಗಿ ಅವರಿಗೆ ಯಜ್ಞದ ವೇದಿಕೆ. ವೇದಿಕೆ ಮಾತಾಡಿದರೆ ಯಾರು ಕೇಳ್ತಾರೆ?

ಕಾದಂಬರಿಯ ಪ್ರಾಮಾಣಿಕತೆ ಇರುವುದು ಮುಂದಿನ ಹೆಜ್ಜೆಯಲ್ಲಿ. ಚಂದ್ರಿಯ ಸಂಗ ಆದ ಮೇಲೆ ಆಚಾರ್ಯರಿಗೆ ಹೆಂಡತಿಯ ಬತ್ತಿದ ಮೈ ಮೊದಲ ಸಲ ಕಾಣುತ್ತದೆ, ಅಸಹ್ಯವಾಗುತ್ತದೆ. ಇಷ್ಟು ವರ್ಷ ಪುಣ್ಯದ ಕೆಳಗೆ ಮುಚ್ಚಿಟ್ಟಿದ್ದ ದಣಿವು ಅದು. ನಮ್ಮ ಪುರಾಣಗಳಿಗೆ ಇಷ್ಟು ಧೈರ್ಯ ಇರಲಿಲ್ಲ. ಕುಷ್ಠ ಹತ್ತಿದ ಗಂಡನನ್ನು ಹೊತ್ತುಕೊಂಡು ವೇಶ್ಯೆಯ ಮನೆಗೆ ಹೊರಟ ಪತಿವ್ರತೆಯ ಕತೆ ಮಾರ್ಕಂಡೇಯ ಪುರಾಣದಲ್ಲಿದೆ. ಅವಳ ಮಾತಿಗೆ ಸೂರ್ಯನೇ ಹುಟ್ಟದೆ ನಿಂತನಂತೆ. ಅವಳ ಸೊಂಟನೋವಿನ ಬಗ್ಗೆ ಪುರಾಣ ಒಂದು ಮಾತೂ ಆಡುವುದಿಲ್ಲ. ರೋಗಿಯ ಸೇವೆ ಮಾಡುವವನಿಗೂ ಒಂದು ಮೈ ಇದೆ, ಹಸಿವು ಇದೆ, ಬೇಸರ ಇದೆ ಅಂತ ‘ಸಂಸ್ಕಾರ’ ಬಾಯಿಬಿಟ್ಟು ಹೇಳಿತು. ಅದು ದೊಡ್ಡ ಮಾತು.

ಆದರೆ ಗೆಳೆಯರೆ, ಆ ದಣಿವು ಬರೀ ಆಧ್ಯಾತ್ಮದ ದಣಿವಾಗಿ ಉಳಿಯಲು ಕಾರಣವೇನು? ಗಂಜಿ ಕಾಯಿಸಲು ಅಕ್ಕಿ ಎಲ್ಲಿಂದ ಬಂತು ಅನ್ನುವ ಚಿಂತೆ ಆಚಾರ್ಯರಿಗಿಲ್ಲ. ಗದ್ದೆಯಲ್ಲಿ ಬೇರೆಯವರು ಬಗ್ಗಿದ್ದಕ್ಕೆ ಆಚಾರ್ಯರು ಹೆಂಡತಿಯ ಪಕ್ಕದಲ್ಲಿ ಕೂರಲು ಆಯಿತು. ಕೂಲಿಯವನಿಗೆ ಲಕ್ವ ಹೊಡೆದು ಮಲಗಿದ ಅನ್ನಿ. ಅವನ ಕೂಲಿ ಅವತ್ತೇ ಹೋಯ್ತು. ಅವನನ್ನು ಮಗ್ಗುಲು ಬದಲಿಸಿ ಮಲಗಿಸದಿದ್ದರೆ ಬೆನ್ನು ಹುಣ್ಣಾಗ್ತದೆ. ಬದಲಿಸೋಕೆ ಹೆಂಡತಿ ಮನೇಲಿ ಕೂತರೆ ಅವಳ ಕೂಲಿಯೂ ಹೋಯ್ತು. ಅವಳು ಕೆಲಸಕ್ಕೆ ಹೋದರೆ ಮಗಳು ಶಾಲೆ ಬಿಡಬೇಕು. ಮಲಗಿದವನು ಒಬ್ಬ, ಬಿದ್ದವರು ಮೂವರು. ಅವಳು ಒಂದು ರಾತ್ರಿ ಸಿಟ್ಟಿಗೆದ್ದು ‘ಸಾಯಬಾರದಾ ನೀನು’ ಅಂದಳು ಅನ್ನಿ. ಅದು ಪಾಪವೂ ಅಲ್ಲ, ಅಸ್ತಿತ್ವದ ಬಿಕ್ಕಟ್ಟೂ ಅಲ್ಲ. ನಿದ್ದೆಯಿಲ್ಲದ, ಸಾಲ ತುಂಬಿದ ಬಾಯಿಂದ ಬಂದ ಮಾತು. ಮರುದಿನ ಬೆಳಿಗ್ಗೆ ಅವಳೇ ಮತ್ತೆ ಉಚ್ಚೆ ಬಟ್ಟೆ ಒಗೀತಾಳೆ.

ಈ ಹೊರೆಯನ್ನು ವೈದ್ಯಲೋಕ ಅಳೆಯಲು ಹೊರಟು ಬಹಳ ಕಾಲವಾಯಿತು. ಅಮೆರಿಕದ ಸ್ಟೀವನ್ ಜಾರಿಟ್ ಮತ್ತು ಸಂಗಡಿಗರು 1980ರಲ್ಲಿ ಮರೆವಿನ ರೋಗಿಗಳ ಮನೆಯವರಿಗಾಗಿ ಒಂದು ಪ್ರಶ್ನಾವಳಿ ಮಾಡಿದರು. ಅದರ 22 ಪ್ರಶ್ನೆಗಳ ರೂಪ ಆಮೇಲೆ ಹಲವು ದೇಶಗಳಿಗೆ ಹೋಯಿತು. ಪ್ರಶ್ನೆಗಳು ಸರಳ: ನಿನಗೆ ಅಂತ ಹೊತ್ತು ಉಳಿದಿದೆಯಾ? ನಿನ್ನ ಆರೋಗ್ಯ ಕೆಟ್ಟಿದೆಯಾ? ದುಡ್ಡು ಸಾಕಾಗ್ತಿದೆಯಾ? ರೋಗಿಯ ಹತ್ತಿರ ಕೂತಾಗ ಸಿಟ್ಟು ಬರುತ್ತಾ?

ಇವನ್ನು ಚಂದ್ರಿಗೆ ಕೇಳಿ ನೋಡಿ. ಈ ಕಾದಂಬರಿಯಲ್ಲಿ ಫಲ ಬಯಸದೆ ಆರೈಕೆ ಮಾಡಿದವಳು ಅವಳೇ. ಶಿವಮೊಗ್ಗೆಯಿಂದ ಜ್ವರ ಹೊತ್ತು ಬಂದವನ ಜೊತೆ ಇದ್ದವಳು ಅವಳು. ಶವಕ್ಕೆ ಗತಿಯಾಗಲಿ ಅಂತ ಮೈಮೇಲಿನ ಬಂಗಾರ ಬಿಚ್ಚಿಟ್ಟವಳೂ ಅವಳೇ. ಬ್ರಾಹ್ಮಣರ ಕಣ್ಣು ಬಂಗಾರದ ಮೇಲೆ ಬಿತ್ತೇ ಹೊರತು ಅವಳ ಹೊಟ್ಟೆಯ ಮೇಲೆ ಬೀಳಲಿಲ್ಲ. ಕಡೆಗೆ ಮುಸಲ್ಮಾನ ಮೀನು ವ್ಯಾಪಾರಿಯೊಬ್ಬನ ಸಹಾಯದಿಂದ ರಾತ್ರೋರಾತ್ರಿ ಹೆಣ ಸುಡಿಸಿ ಕುಂದಾಪುರದ ದಾರಿ ಹಿಡಿದಳು. ಆಚಾರ್ಯರ ದಣಿವಿಗೆ ಅಧ್ಯಾಯಗಳು ಸಿಕ್ಕವು. ಚಂದ್ರಿಯ ದಣಿವಿಗೆ ಕೆಲವು ಸಾಲು. ತಾಳಿಯಿಲ್ಲದವಳ ಸೇವೆ ಯಾವ ಧರ್ಮದ ಲೆಕ್ಕದಲ್ಲೂ ಇಲ್ಲ.

ಚಂದ್ರಿಗಿಂತ ಆಚೆ ಇರುವವಳು ಬೆಳ್ಳಿ. ಪ್ಲೇಗು ಅಗ್ರಹಾರಕ್ಕೆ ಮಾತ್ರ ಬಂದದ್ದಲ್ಲ. ಕೇರಿಯಲ್ಲೂ ಜನ ಸಾಯುತ್ತಾರೆ, ಹೆಣದ ಸಮೇತ ಗುಡಿಸಲು ಸುಡುತ್ತಾರೆ. ಆ ಸುದ್ದಿ ಹೇಳಹೊರಟ ಬೆಳ್ಳಿಯ ಮಾತು ಶ್ರೀಪತಿಗೆ ಬೇಡ. ಅವನಿಗೆ ಬೇಕಾದ್ದು ಅವಳ ಮೈ. ಲೇಖಕರಿಗೆ ಈ ಕ್ರೌರ್ಯ ಗೊತ್ತಿದೆ, ಗೊತ್ತಿದ್ದೇ ಬರೆದಿದ್ದಾರೆ. ಆದರೂ ಬೆಳ್ಳಿಯ ಬೆನ್ನು ಹತ್ತಿ ಕತೆ ಅವಳ ಗುಡಿಸಲಿನೊಳಗೆ ಕೂರುವುದಿಲ್ಲ. ಸತ್ತವರ ಪಕ್ಕ ಕೊನೆಯ ರಾತ್ರಿ ಯಾರಿದ್ದರು? ನೀರು ಯಾರು ತಂದರು? ಅಗ್ರಹಾರದ ಜಗಲಿಯಿಂದ ನೋಡಿದರೆ ಕೇರಿಯ ಸಾವು ಬರೀ ದೂರದ ಬೆಂಕಿ.

ಕತೆಗಿರುವ ಈ ಕುರುಡು ಕಾನೂನಿಗೂ ಇತ್ತು. 1948ರ ಕಾರ್ಮಿಕ ರಾಜ್ಯ ವಿಮೆ ಕಾಯ್ದೆ ಕಾಯಿಲೆ ಬಿದ್ದ ಕಾರ್ಮಿಕನಿಗೆ ಕೂಲಿಯ ಒಂದು ಪಾಲು ಕೊಡಲು ಒಪ್ಪಿತು. ಅವನ ಆರೈಕೆಗಾಗಿ ಕೂಲಿ ಬಿಟ್ಟವಳಿಗೆ ಅದರಲ್ಲಿ ಜಾಗ ಇರಲಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಸಮಯ ಬಳಕೆಯ ಸಮೀಕ್ಷೆ ಮಾಡಿಸಿತು. ಮನೆಯವರ ಆರೈಕೆಗೆ, ಮಕ್ಕಳದ್ದೂ ಸೇರಿ, ಅದನ್ನು ಮಾಡುವ ಹೆಂಗಸರು ದಿನಕ್ಕೆ 134 ನಿಮಿಷ ಕೊಡುತ್ತಿದ್ದರೆ ಗಂಡಸರು ಕೊಡುತ್ತಿದ್ದದ್ದು 76 ನಿಮಿಷ. ನೆರೆಯ ಕೇರಳ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೇ ಅಂತ ‘ಆಶ್ವಾಸಕಿರಣಂ’ ಯೋಜನೆಯಲ್ಲಿ ತಿಂಗಳಿಗೆ 600 ರೂಪಾಯಿ ಗೊತ್ತುಮಾಡಿತು. ಅಂದರೆ ದಿನಕ್ಕೆ 20 ರೂಪಾಯಿ. ನಗು ಬರುವಷ್ಟು ಸಣ್ಣ ಮೊತ್ತ. ಆದರೂ ಇದು ಕೆಲಸ ಅಂತ ಒಂದು ಕಡತ ಒಪ್ಪಿಕೊಂಡಿತಲ್ಲ! ನಮ್ಮ ವಿಮರ್ಶೆ ಅಷ್ಟನ್ನೂ ಒಪ್ಪಿಲ್ಲ. ಅದಿನ್ನೂ ‘ತ್ಯಾಗಮಯಿ’, ‘ಮಾತೃಹೃದಯ’ ಅಂತ ಹಾರ ಹಾಕುತ್ತಿದೆ. ಹಾರ ಹಾಕಿಸಿಕೊಂಡವಳು ಕೂಲಿ ಕೇಳೋ ಹಾಗಿಲ್ಲ, ದಣಿದೆ ಅನ್ನೋ ಹಾಗೂ ಇಲ್ಲ.

‘ಸಂಸ್ಕಾರ’ವನ್ನು ಬೀದಿಗೆಸೆಯಿರಿ ಅಂತ ನಾನು ಹೇಳುತ್ತಿಲ್ಲ. ಅದು ತೆರೆದ ಬಾಗಿಲಿನಿಂದ ಇನ್ನೂ ಮುಂದೆ ನಡೆಯಬೇಕು. ಕೇರಿಯಿಂದ ಬರೆಯುವವರು ರೋಗದ ಮನೆಯ ಕತೆ ಬರೆಯುವಾಗ ಮಲಗಿದವರ ಕಣ್ಣೀರಿಗೆ ನಿಲ್ಲಬೇಡಿ. ಎಷ್ಟು ದಿನದ ಕೂಲಿ ಹೋಯಿತು, ಯಾವ ಮಗು ಶಾಲೆ ಬಿಟ್ಟಿತು, ಬಡ್ಡಿ ಎಷ್ಟಾಯಿತು, ಹಾಸಿಗೆಯ ಪಕ್ಕ ಕೂತವಳು ಕೊನೆಯ ಸಲ ಯಾವಾಗ ಬೆಳಗಿನವರೆಗೆ ಮಲಗಿದ್ದಳು ಅಂತ ಬರೆಯಿರಿ. ಅವಳ ಸಿಟ್ಟನ್ನು ತಿದ್ದಬೇಡಿ. ಆ ಸಿಟ್ಟು ರೋಗಿಯ ಮೇಲಿನದಲ್ಲ, ಅವಳೊಬ್ಬಳ ತಲೆಗೇ ಎಲ್ಲವನ್ನೂ ಕಟ್ಟಿ ದೂರ ನಿಂತವರ ಮೇಲಿನದು.