ಸಭೆ ತೆರಳಿದ ಮೇಲೆ ದೇವಾಲಯ

‘ಎಕ್ಲೇಸಿಯಾ’ ಎಂಬ ಗ್ರೀಕ್ ಪದ ಮೂಲದಲ್ಲಿ ಸೂಚಿಸುವುದು ಕಟ್ಟಡವನ್ನಲ್ಲ, ಕರೆಗೆ ಓಗೊಟ್ಟು ಕೂಡಿದ ಜನರನ್ನು. ಗುರುಮಠದಲ್ಲಿ ಇದನ್ನು ಬೋಧಿಸುವ ನಾವೇ, ಹಳೆಯ ದೇವಾಲಯವೊಂದರ ಮುಂದಿನ ಬಳಕೆಯನ್ನು ಕುರಿತು ಯೋಚಿಸುವಾಗ ಮೊದಲು ನೋಡುವುದು ಗೋಡೆಯ ಬಿರುಕನ್ನು.

ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ದೇವಾಲಯ ಇದಕ್ಕೆ ನಿದರ್ಶನ. 19ನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಗಾಥಿಕ್ ಶೈಲಿಯಲ್ಲಿ ಕಟ್ಟಿಸಿದ ಮಂದಿರವಿದು. ಗೊರೂರಿನ ಬಳಿ ಹೇಮಾವತಿಗೆ ಅಣೆಕಟ್ಟಾದಾಗ ಹಿನ್ನೀರು ಏರಿತು; ಊರಿನವರು ಬೇರೆಡೆ ನೆಲೆಸಬೇಕಾಯಿತು. ಮಳೆಗಾಲದಲ್ಲಿ ಅರೆ ಮುಳುಗಿ ಬೇಸಿಗೆಯಲ್ಲಿ ಹೊರಬರುವ ಈ ಕಟ್ಟಡ ಈಗ ಪ್ರವಾಸಿಗರ ತಾಣ, ಮದುವೆಯ ಜೋಡಿಗಳ ಚಿತ್ರೀಕರಣಕ್ಕೆ ಹಿನ್ನೆಲೆ. ಬೆಲ್ಲ, ಮೊಟ್ಟೆ ಬೆರೆಸಿದ ಗಾರೆಯ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಇಲ್ಲಿ ಜ್ಞಾನಸ್ನಾನ ಪಡೆದವರು ಎಲ್ಲಿದ್ದಾರೆಂದು ಕೇಳುವವರು ವಿರಳ.

1983ರ ಧರ್ಮಸಭಾ ಕಾನೂನು ಸಂಹಿತೆಯ 1222ನೆಯ ವಿಧಿಯ ಮೊದಲ ಭಾಗದಂತೆ, ಆರಾಧನೆಗೆ ಬಳಸಲಾಗದ, ದುರಸ್ತಿಯೂ ಸಾಧ್ಯವಿಲ್ಲದ ದೇವಾಲಯವನ್ನು ಧರ್ಮಾಧ್ಯಕ್ಷರು ಲೌಕಿಕ, ಆದರೆ ಹೀನವಲ್ಲದ ಬಳಕೆಗೆ ಬಿಡಬಹುದು. ನಮ್ಮ ಚರ್ಚೆ ಸಾಮಾನ್ಯವಾಗಿ ಇಲ್ಲಿಯೇ ನಿಲ್ಲುತ್ತದೆ: ಯಾವುದು ಹೀನ? ಚಿತ್ರೀಕರಣವನ್ನು ಹೀನವೆಂದು ನಾವು ಕರೆಯಲಾರೆವು. ನಮ್ಮ ಆಕ್ಷೇಪ ಆ ಪ್ರಶ್ನೆಯ ಕಿರಿದುತನಕ್ಕೆ. ಅದೇ ವಿಧಿಯ ಎರಡನೆಯ ಭಾಗ, ಇತರ ಗಂಭೀರ ಕಾರಣಗಳಿಂದ ಬಳಕೆ ಬದಲಾಗುವಾಗ ಗುರುಮಂಡಳಿಯ ಅಭಿಪ್ರಾಯವನ್ನೂ ಹಕ್ಕುಳ್ಳವರ ಸಮ್ಮತಿಯನ್ನೂ ಬೇಡುತ್ತದೆ. ಆತ್ಮಗಳ ಹಿತಕ್ಕೆ ಹಾನಿಯಾಗಬಾರದೆನ್ನುತ್ತದೆ. 1214ನೆಯ ವಿಧಿಯಾದರೋ ದೇವಾಲಯದ ವ್ಯಾಖ್ಯೆಯಲ್ಲಿಯೇ, ಆರಾಧನೆಗಾಗಿ ಅದನ್ನು ಪ್ರವೇಶಿಸುವ ವಿಶ್ವಾಸಿಗಳ ಹಕ್ಕನ್ನು ಸೇರಿಸಿದೆ. ಕಾನೂನೇ ಜನರನ್ನು ಮರೆತಿಲ್ಲ. ಓದುವ ನಾವು ಮರೆತಿದ್ದೇವೆ.

ಕೋರಮಂಡಲ್‌ನಲ್ಲಿ ಕುಳಿತು ಇದನ್ನು ಬರೆಯುತ್ತಿರುವ ನಮಗೆ ಇದು ದೂರದ ಮಾತಲ್ಲ. ಶೆಟ್ಟಿಹಳ್ಳಿಯಲ್ಲಿ ಜನ ಹೋದರು, ಗೋಡೆ ಉಳಿಯಿತು. 2001ರ ಫೆಬ್ರವರಿ 28ರಂದು ಚಿನ್ನದ ಗಣಿಗಳು ಮುಚ್ಚಿದಾಗ ಇಲ್ಲಿ ಹೋದದ್ದು ಜೀವನೋಪಾಯ. ಅನೇಕರು ಊರಲ್ಲೇ ಉಳಿದರು. ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ ನಿಲ್ದಾಣಗಳಿಂದ ನಸುಕಿನಲ್ಲಿಯೇ ರೈಲು ಹತ್ತಿ, ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ದುಡಿಯಲು ಹೋಗಿ, ರಾತ್ರಿ ಮರಳುತ್ತಾರೆ. ಗಣಿಯ ಕಾಲದಲ್ಲಿ ಕಟ್ಟಿದ ಪೂಜಾಮಂದಿರಗಳನ್ನೂ ಸಭಾಂಗಣಗಳನ್ನೂ ಮಕ್ಕಳ ಓದಿಗೆ ಬಿಡಬೇಕೇ, ವೃದ್ಧರ ಆರೈಕೆಗೆ ಬಿಡಬೇಕೇ, ಆರಾಧನೆಗೆ ಮಾತ್ರ ಕಾಯ್ದಿರಿಸಬೇಕೇ ಎಂಬುದನ್ನು ಹೇಳಬೇಕಾದವರು ಇವರೇ. ಆದುದರಿಂದ ಸಮಾಲೋಚನೆಯನ್ನು ಭಾನುವಾರ ಬಲಿಪೂಜೆಯ ನಂತರ ಕರೆಯಬೇಕು. ವಾರದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಕರೆದರೆ ಬರುವವರು ಗುರುಗಳು ಮಾತ್ರ.