ಹೂಜಿ, ಹಂದಿ, ಕೊಡಲಿ: ಅಮೆರಿಕದ ಕಾಲೇಜು ಫುಟ್‌ಬಾಲಿನ ಪ್ರತಿಸ್ಪರ್ಧೆಗಳಲ್ಲಿ ಸಂಪ್ರದಾಯದ ಸ್ವರೂಪ

ಅಮೆರಿಕ ಸಂಯುಕ್ತ ಸಂಸ್ಥಾನದ ವಿಶ್ವವಿದ್ಯಾನಿಲಯಗಳ ಜೀವನದಲ್ಲಿ ಫುಟ್‌ಬಾಲ್ ಪಡೆದಿರುವ ಸ್ಥಾನವು ನಮ್ಮ ಕಾಲೇಜುಗಳಲ್ಲಿ ಯಾವ ಆಟಕ್ಕೂ ದೊರೆತಿಲ್ಲ. ಅಲ್ಲಿ ಆ ಹೆಸರಿನಿಂದ ಕರೆಯುವ ಆಟವು ನಮ್ಮ ಕಾಲ್ಚೆಂಡಾಟವಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ಲೇಸು; ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಹಿಡಿದು ಕೆಡಹುವ ಆಟವದು. 1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳು ಆಡಿದ ಪಂದ್ಯವನ್ನು ಇದರ ಆದಿಯೆಂದು ಎಣಿಸುವುದು ರೂಢಿಯಾದರೂ, ಆ ದಿನ ಆಡಿದ್ದು ಹೆಚ್ಚಾಗಿ ಕಾಲಿನ ಆಟವೇ. ಆದಿಯ ವಿಷಯದಲ್ಲಿಯೇ ಹೀಗೆ ಒಂದು ಸೌಕರ್ಯದ ಕಲ್ಪನೆ ಸೇರಿಕೊಂಡಿರುವುದು ಗಮನಾರ್ಹ.

ಈ ಆಟದ ವಾರ್ಷಿಕ ಕ್ರಮದಲ್ಲಿ ಮಿಕ್ಕೆಲ್ಲ ಪಂದ್ಯಗಳಿಗಿಂತ ಮೇಲಾದುದೆಂದರೆ ನೆರೆಹೊರೆಯ ಅಥವಾ ಸಮಾನಸ್ಕಂಧವಾದ ಎರಡು ವಿದ್ಯಾಸಂಸ್ಥೆಗಳ ನಡುವಣ ಪ್ರತಿಸ್ಪರ್ಧಾ ಪಂದ್ಯ. 1875ರಲ್ಲಿ ಆರಂಭವಾದ ಹಾರ್ವರ್ಡ್–ಯೇಲ್, 1884ರ ಲೀಹೈ–ಲಾಫಯೆಟ್, 1890ರ ಭೂಸೇನೆ–ನೌಕಾಸೇನೆ, 1897ರ ಮಿಷಿಗನ್–ಒಹಾಯೊ ಸ್ಟೇಟ್ ಎಂಬ ಜೋಡಿಗಳು ಪ್ರಸಿದ್ಧವಾದವು. ಈ ಜೋಡಿಗಳಲ್ಲೆಲ್ಲ ಮತ್ತೆ ಮತ್ತೆ ಕಾಣುವ ಲಕ್ಷಣಗಳುಂಟು: ಋತುವಿನ ಕೊನೆಗೆ ಗೊತ್ತಾದ ಒಂದು ಶನಿವಾರ, ಕೈಯಿಂದ ಕೈಗೆ ಹೋಗುವ ಒಂದು ವಸ್ತು, ಕದ್ದು ತರುವ ಸಾಹಸಗಳು, ಪಂದ್ಯ ಮುಗಿದ ಮೇಲಿನ ಒಂದು ವಿಧಿ. ಭೂಸೇನೆ–ನೌಕಾಸೇನೆಗಳ ಪಂದ್ಯದಲ್ಲಿ ಎರಡೂ ಪಕ್ಷದವರು ಒಟ್ಟಿಗೆ ನಿಂತು ಮೊದಲು ಸೋತವರ ಶಾಲಾಗೀತವನ್ನೂ ಅನಂತರ ಗೆದ್ದವರದನ್ನೂ ಗೌರವಿಸುತ್ತಾರೆ. ಇದು ಈ ಆಚಾರಗಳಲ್ಲೆಲ್ಲ ಅತ್ಯಂತ ಸುಸಂಸ್ಕೃತವಾದುದೆಂದು ನಮ್ಮ ಅಭಿಪ್ರಾಯ.

ಈ ಪಂದ್ಯಗಳನ್ನು ಕುರಿತು ಬರೆಯುವವರು ಎರಡು ಬಗೆ. ಒಂದು ಬಗೆಯವರು ಪ್ರತಿಯೊಂದು ಸ್ಪರ್ಧೆಯ ಮೂಲವನ್ನೂ ಪುರಾತನವಾದ ಒಂದು ವೈರದಲ್ಲಿ ಹುಡುಕುತ್ತಾರೆ. ಇನ್ನೊಂದು ಬಗೆಯವರು, ಎರಿಕ್ ಹಾಬ್ಸ್‌ಬಾಮ್ ಮತ್ತು ಟೆರೆನ್ಸ್ ರೇಂಜರ್ 1983ರಲ್ಲಿ ಸಂಪಾದಿಸಿದ ಗ್ರಂಥವನ್ನು ಓದಿಕೊಂಡು, ಇವೆಲ್ಲವೂ ನಿರ್ಮಿತ ಸಂಪ್ರದಾಯಗಳೆಂದು ಹೇಳಿ ಕೈತೊಳೆದುಕೊಳ್ಳುತ್ತಾರೆ. ಮೊದಲನೆಯವರ ವಾದವನ್ನು ಖಂಡಿಸುವುದು ಸುಲಭ. ಅಲಬಾಮ ಮತ್ತು ಆಬರ್ನ್ ವಿಶ್ವವಿದ್ಯಾನಿಲಯಗಳ ದ್ವೇಷವು ಎಂದೂ ಆರದ ಬೆಂಕಿಯೆಂದು ವರ್ಣಿಸುವುದುಂಟು. ಆದರೆ ಆಟಗಾರರ ದಿನಭತ್ಯ ಮತ್ತು ತೀರ್ಪುಗಾರರ ನೇಮಕವನ್ನು ಕುರಿತ ಒಂದು ಜಗಳದ ಫಲವಾಗಿ 1907ರಿಂದ 1948ರವರೆಗೆ, ಎಂದರೆ 41 ವರ್ಷ, ಅವು ಪರಸ್ಪರ ಆಡಲೇ ಇಲ್ಲ. 1893ರ ಫೆಬ್ರವರಿಯಲ್ಲಿ ನಡೆದ ಮೊದಲನೆಯ ಪಂದ್ಯವು ಯಾವ ಋತುವಿಗೆ ಸೇರಿದುದೆಂಬ ವಿಷಯದಲ್ಲಿಯೂ ಎರಡೂ ಕಡೆಯವರಿಗೆ ಏಕಾಭಿಪ್ರಾಯವಿಲ್ಲ. ಮಿನೆಸೋಟ–ಮಿಷಿಗನ್‌ಗಳ ನಡುವಣ ಪ್ರಸಿದ್ಧವಾದ ‘ಪುಟ್ಟ ಕಂದು ಹೂಜಿ’ಯ ಕಥೆಯೂ ಹೀಗೆಯೇ. 1903ರಲ್ಲಿ 6–6ರಂತೆ ಸಮನಾದ ಪಂದ್ಯದ ಬಳಿಕ ಮಿಷಿಗನ್ನಿನವರು ನೀರಿನ ಹೂಜಿಯೊಂದನ್ನು ಮರೆತು ಹೋದರು. ಅದನ್ನು ಗೆಲ್ಲುವುದಕ್ಕಾಗಿ ಮೊದಲ ಪಂದ್ಯ ನಡೆದದ್ದು 1909ರಲ್ಲಿ. ಘಟನೆಗೂ ವಿಧಿಗೂ ನಡುವೆ ಆರು ವರ್ಷಗಳ ಅಂತರವಿದೆ. ದೇವಾಲಯವು ಎದ್ದು ಬಹುಕಾಲವಾದ ಮೇಲೆ ಸ್ಥಳಪುರಾಣ ಹುಟ್ಟುವುದನ್ನು ಬಲ್ಲ ನಮ್ಮ ವಾಚಕರಿಗೆ ಇದು ಆಶ್ಚರ್ಯವನ್ನುಂಟುಮಾಡಲಾರದು.

ಎರಡನೆಯ ಬಗೆಯವರ ವಾದವು ಮೇಲುನೋಟಕ್ಕೆ ಶಾಸ್ತ್ರೀಯವಾಗಿದ್ದರೂ ಅಪೂರ್ಣವಾದುದು. ಒಂದು ಆಚಾರವನ್ನು ಯಾರೋ ನಿರ್ಮಿಸಿದರೆಂದು ತೋರಿಸಿದ ಮಾತ್ರಕ್ಕೆ ಇತಿಹಾಸಕಾರನ ಕೆಲಸ ಮುಗಿಯುವುದಿಲ್ಲ. ಯಾವ ಕಾಲದಲ್ಲಿ, ಯಾವುದನ್ನು ಮರೆಯಿಸುವುದಕ್ಕಾಗಿ ನಿರ್ಮಿಸಿದರೆಂಬುದೇ ಮುಖ್ಯವಾದ ಪ್ರಶ್ನೆ. ಇದಕ್ಕೆ ಅಯೋವ–ಮಿನೆಸೋಟ ಸ್ಪರ್ಧೆಯ ಕಂಚಿನ ಹಂದಿಗಿಂತ ಉತ್ತಮವಾದ ನಿದರ್ಶನ ನಮಗೆ ತಿಳಿದಂತೆ ಇಲ್ಲ.

1934ರಲ್ಲಿ ಅಯೋವ ಪಕ್ಷದಲ್ಲಿ ಆಜ಼ಿ ಸಿಮನ್ಸ್ ಎಂಬ ಆಟಗಾರನಿದ್ದನು. ದೊಡ್ಡ ವಿಶ್ವವಿದ್ಯಾನಿಲಯಗಳ ಪಕ್ಷಗಳಲ್ಲಿ ಕರಿಯ ವರ್ಣದವರು ಅತಿ ವಿರಳವಾಗಿದ್ದ ಕಾಲದಲ್ಲಿ ಆತನು ಚೆಂಡು ಹಿಡಿದು ಓಡುವುದರಲ್ಲಿ ಹೆಸರು ಪಡೆದ ಕರಿಯ ಯುವಕ. ಆ ವರ್ಷ ಮಿನೆಸೋಟದೊಡನೆ ನಡೆದ ಪಂದ್ಯದಲ್ಲಿ ಎದುರಾಳಿಗಳು ಆತನ ಮೇಲೆ ಮತ್ತೆ ಮತ್ತೆ ಬಿದ್ದು ಹೊಡೆದುದರಿಂದ ಆತನು ಗಾಯಗೊಂಡು ಅಂಗಳವನ್ನು ಬಿಡಬೇಕಾಯಿತು. ಅಯೋವದ ಜನ ಇದನ್ನು ಮರೆಯಲಿಲ್ಲ. ಮರುವರ್ಷದ ಪಂದ್ಯ ಅಯೋವ ಸಿಟಿಯಲ್ಲಿ ನಡೆಯಬೇಕಾಗಿದ್ದಾಗ, ಅಂಥ ಒರಟು ಆಟವನ್ನು ತೀರ್ಪುಗಾರರು ಸಹಿಸಿದರೂ ಪ್ರೇಕ್ಷಕರು ಸಹಿಸಲಾರರೆಂಬ ಅರ್ಥದ ಮಾತನ್ನು ಆ ರಾಜ್ಯದ ಗವರ್ನರ್ ಕ್ಲೈಡ್ ಹೆರಿಂಗ್ ಆಡಿದನು. ಗಲಭೆಯಾಗುವ ಭಯ ಎರಡೂ ಕಡೆ ಹಬ್ಬಿತು. ಆಗ ಮಿನೆಸೋಟದ ಗವರ್ನರ್ ಫ್ಲಾಯ್ಡ್ ಓಲ್ಸನ್ ಒಂದು ತಂತಿ ಕಳುಹಿಸಿದನು: ಸೋತ ರಾಜ್ಯದವನು ಗೆದ್ದವನಿಗೆ ಒಂದು ಉತ್ತಮ ಹಂದಿಯನ್ನು ಕೊಡಬೇಕು. ಜನ ನಕ್ಕರು, ಬಿಸಿ ಇಳಿಯಿತು, ಮಿನೆಸೋಟ 13–6ರಿಂದ ಗೆದ್ದಿತು. ಓಲ್ಸನ್ನನ ಹೆಸರನ್ನೂ ತಾನು ಬೆಳೆದ ಪಶುಶಾಲೆಯ ಹೆಸರನ್ನೂ ಕೂಡಿಸಿ ‘ಫ್ಲಾಯ್ಡ್ ಆಫ್ ರೋಸ್‌ಡೇಲ್’ ಎಂದು ಕರೆಸಿಕೊಂಡ ಹಂದಿಯನ್ನು ಹೆರಿಂಗ್ ತಾನೇ ಓಲ್ಸನ್ನನ ಕಚೇರಿಗೆ ನಡೆಸಿಕೊಂಡು ಹೋದನು. ಆ ಪ್ರಾಣಿ 1936ರಲ್ಲಿ ಹಂದಿಗಳ ಕಾಲರಾ ರೋಗದಿಂದ ಸತ್ತಿತು. ಚಾರ್ಲ್ಸ್ ಬ್ರಿಯೋಸ್ಕಿ ಎಂಬ ಶಿಲ್ಪಿ ಮಾಡಿದ ಅದರ ಕಂಚಿನ ಪ್ರತಿಮೆಗಾಗಿ ಎರಡು ವಿಶ್ವವಿದ್ಯಾನಿಲಯಗಳೂ ಇಂದಿಗೂ ಹೋರಾಡುತ್ತಿವೆ.

ಓಲ್ಸನ್ನನ ಉಪಾಯವು ಫಲಿಸಿತೆಂಬುದರಲ್ಲಿ ಸಂಶಯವಿಲ್ಲ. ರಾಜಕಾರಣಿಯೊಬ್ಬನು ಹಾಸ್ಯದಿಂದ ಗಲಭೆಯೊಂದನ್ನು ತಡೆದುದು ಶ್ಲಾಘ್ಯವೇ ಸರಿ. ಆದರೆ ಅದರ ಬೆಲೆಯನ್ನೂ ನಾವು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅನ್ಯಾಯವಾದುದು ಒಬ್ಬ ಮನುಷ್ಯನಿಗೆ. ಸ್ಮಾರಕವಾದುದು ಒಂದು ಹಂದಿಗೆ. ಪ್ರತಿಮೆಯನ್ನು ಹೊತ್ತು ಕುಣಿಯುವ ಹುಡುಗನಿಗೆ ಎರಡು ರಾಜ್ಯಗಳ ನಡುವಣ ಒಂದು ಗ್ರಾಮೀಣ ವಿನೋದ ಕಾಣುತ್ತದೆಯೇ ಹೊರತು ಸಿಮನ್ಸ್ ಕಾಣುವುದಿಲ್ಲ. ವೃತ್ತಿನಿರತ ಆಟಗಾರರ ರಾಷ್ಟ್ರೀಯ ಲೀಗಿನಲ್ಲಿ 1934ರಿಂದ 1945ರವರೆಗೆ ಒಬ್ಬ ಕರಿಯ ಆಟಗಾರನೂ ಇರಲಿಲ್ಲವೆಂಬುದನ್ನು ಇದರೊಡನೆ ಸೇರಿಸಿ ಓದಿದರೆ, ಆ ನಗೆಯ ಹಿಂದೆ ಎಷ್ಟು ದೊಡ್ಡ ಮೌನವಿತ್ತೆಂಬುದು ಗೋಚರವಾಗುತ್ತದೆ.

ಮರೆಯಿಸುವುದು ಒಂದಾದರೆ, ತಿದ್ದುವುದು ಇನ್ನೊಂದು. ಕ್ಯಾಲಿಫೋರ್ನಿಯ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯಗಳ ನಡುವಣ ಕೊಡಲಿಯ ಚರಿತ್ರೆ ಇತಿಹಾಸದ ವಿದ್ಯಾರ್ಥಿಗೆ ರಸವತ್ತಾದುದು. 1899ರಲ್ಲಿ ಒಂದು ಬೇಸ್‌ಬಾಲ್ ಪಂದ್ಯದ ತರುವಾಯ ಕ್ಯಾಲಿಫೋರ್ನಿಯದವರು ಇದನ್ನು ಅಪಹರಿಸಿದರು. 1930ರಲ್ಲಿ ಸ್ಟ್ಯಾನ್‌ಫರ್ಡಿನ 21 ಮಂದಿ ವಿದ್ಯಾರ್ಥಿಗಳು ಉಪಾಯದಿಂದ ಅದನ್ನು ಮರಳಿ ಕಸಿದುಕೊಂಡರು. 1933ರಿಂದ ಅದು ಫುಟ್‌ಬಾಲ್ ಪಂದ್ಯದಲ್ಲಿ ಗೆದ್ದವರ ಸ್ವತ್ತು. 1982ರ ನವೆಂಬರ್ 20ರಂದು ಸ್ಟ್ಯಾನ್‌ಫರ್ಡ್ 20–19ರಿಂದ ಮುಂದಿದ್ದು ಇನ್ನು ನಾಲ್ಕೇ ಸೆಕೆಂಡುಗಳು ಉಳಿದಿದ್ದಾಗ ಕ್ಯಾಲಿಫೋರ್ನಿಯದವರು ಚೆಂಡನ್ನು ಐದು ಸಲ ಕೈ ಬದಲಿಸಿ, ಪಂದ್ಯ ಮುಗಿಯಿತೆಂದು ಭಾವಿಸಿ ಅಂಗಳಕ್ಕೆ ನುಗ್ಗಿದ್ದ ಸ್ಟ್ಯಾನ್‌ಫರ್ಡಿನ ವಾದ್ಯವೃಂದದ ನಡುವೆಯೇ ಓಡಿ, 25–20ರಿಂದ ಗೆದ್ದರು. ಕೊಡಲಿಯ ಫಲಕದ ಮೇಲೆ ಆ ವರ್ಷದ ಅಂಕಗಳು ಕೆತ್ತಲ್ಪಟ್ಟಿವೆ. ಆದರೆ ಕೊಡಲಿ ಸ್ಟ್ಯಾನ್‌ಫರ್ಡಿನ ವಶಕ್ಕೆ ಬಂದಾಗಲೆಲ್ಲ ಅಲ್ಲಿಯ ವಿದ್ಯಾರ್ಥಿಗಳು ಅದನ್ನು 20–19 ಎಂದು ಬದಲಾಯಿಸುತ್ತಾರೆ. ಕ್ಯಾಲಿಫೋರ್ನಿಯಕ್ಕೆ ಮರಳಿದೊಡನೆ ಅದು ಪುನಃ 25–20 ಆಗುತ್ತದೆ.

ಗಂಗರ ತಾಮ್ರಶಾಸನಗಳಲ್ಲಿ ಹಲವನ್ನು ಕೂಟಶಾಸನಗಳೆಂದು ಫ್ಲೀಟ್ ತಳ್ಳಿಹಾಕಿದುದನ್ನೂ ರೈಸ್ ಅವುಗಳನ್ನು ಸಮರ್ಥಿಸಿದುದನ್ನೂ ನಮ್ಮ ವಿದ್ಯಾರ್ಥಿಗಳು ಓದಿರುತ್ತಾರೆ. ಅಲ್ಲಿ ವಿವಾದಕ್ಕೆ ಎಡೆಯಿದ್ದುದು ಬರೆಯಿಸಿದವರ ಉದ್ದೇಶ ನಮ್ಮಿಂದ ದೂರವಾಗಿರುವುದರಿಂದ. ಕೊಡಲಿಯ ವಿಷಯದಲ್ಲಿ ಕೂಟವು ಬಹಿರಂಗವಾಗಿದೆ. ಎಲ್ಲರೂ ಬಲ್ಲರು, ಎಲ್ಲರೂ ನಗುತ್ತಾರೆ, ಆದರೂ ತಿದ್ದುವುದು ನಿಂತಿಲ್ಲ. 1968ರಲ್ಲಿ ಹಾರ್ವರ್ಡ್ ಕೊನೆಯ 42 ಸೆಕೆಂಡುಗಳಲ್ಲಿ 16 ಅಂಕಗಳನ್ನು ಗಳಿಸಿ ಪಂದ್ಯವನ್ನು 29–29ಕ್ಕೆ ಸಮಮಾಡಿದಾಗ, ಅಲ್ಲಿಯ ವಿದ್ಯಾರ್ಥಿಪತ್ರಿಕೆ ಹಾರ್ವರ್ಡ್ ಯೇಲನ್ನು ಸೋಲಿಸಿತೆಂದೇ ತಲೆಬರಹ ಕೊಟ್ಟಿತು. ಮಿನೆಸೋಟ–ವಿಸ್ಕಾನ್ಸಿನ್‌ಗಳ ಹಳೆಯ ಪಾರಿತೋಷಕವಾದ ಮರದ ‘ಹಂದಿಮಾಂಸದ ತುಂಡಿ’ನದು ಇನ್ನೂ ವಿಚಿತ್ರ. 1940ರ ದಶಕದಲ್ಲಿ ಕಳೆದುಹೋಯಿತೆಂದು ಎಲ್ಲರೂ ನಂಬಿದ್ದ ಆ ಫಲಕವು 1994ರಲ್ಲಿ ವಿಸ್ಕಾನ್ಸಿನ್ನಿನ ಉಗ್ರಾಣದಲ್ಲಿ ದೊರೆತಾಗ, ಅದರ ಮೇಲೆ 1970ರವರೆಗಿನ ಅಂಕಗಳು ಬರೆದಿದ್ದುವು! ಕಳೆದುಹೋದ ವಸ್ತುವಿನ ಮೇಲೆ ಯಾರೋ ಕಾಲು ಶತಮಾನಕಾಲ ಶ್ರದ್ಧೆಯಿಂದ ಲೆಕ್ಕ ಬರೆದಿದ್ದರು.

ಇಂಥ ಪ್ರಸಂಗಗಳಲ್ಲಿ ದಾಖಲೆಯ ಅಲಕ್ಷ್ಯವು ವಿನೋದಕ್ಕೆ ಕಾರಣವಾದೀತು. ಎಲ್ಲ ಕಡೆಯೂ ಹಾಗಲ್ಲ. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾನಿಲಯದಲ್ಲಿ, ಟೆಕ್ಸಾಸ್ ವಿಶ್ವವಿದ್ಯಾನಿಲಯದೊಡನೆ ನಡೆಯುವ ಪಂದ್ಯಕ್ಕೆ ಮುಂಚೆ ಭಾರಿ ಅಗ್ನಿರಾಶಿಯನ್ನು ಉರಿಸುವ ಪದ್ಧತಿ 20ನೆಯ ಶತಮಾನದ ಮೊದಲ ದಶಕದಿಂದ ಬೆಳೆದು ಬಂದಿತು. ಮೊದಲು ಅದು ಕಸಕಡ್ಡಿಯ ರಾಶಿ; ಬಳಿಕ ಕಾಡಿನಿಂದ ಕಡಿದು ತಂದ ದಿಮ್ಮಿಗಳ ಗೋಪುರ. 1969ರಲ್ಲಿ ಅದರ ಎತ್ತರ 109 ಅಡಿಗಳನ್ನು ಮುಟ್ಟಿತು. 1999ರ ನವೆಂಬರ್ 18ರ ಬೆಳಗಿನ ಜಾವ, ಸುಮಾರು 5,000 ದಿಮ್ಮಿಗಳ ರಾಶಿಯನ್ನು ಕಟ್ಟುತ್ತಿದ್ದಾಗ ಅದು ಕುಸಿದು 12 ಮಂದಿ ಸತ್ತರು, 27 ಮಂದಿ ಗಾಯಗೊಂಡರು. 2000ದ ಮೇ ತಿಂಗಳಲ್ಲಿ ವಿಚಾರಣಾ ಆಯೋಗವು ಕೊಟ್ಟ ವರದಿಯಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಅಂಶವೊಂದಿದೆ. ಅಷ್ಟು ದೊಡ್ಡ ರಚನೆಗೆ ಲಿಖಿತವಾದ ಎಂಜಿನಿಯರಿಂಗ್ ವಿನ್ಯಾಸವೇ ಇರಲಿಲ್ಲ. ಕಟ್ಟುವ ಕ್ರಮವು ಹಿರಿಯ ವಿದ್ಯಾರ್ಥಿಗಳಿಂದ ಕಿರಿಯರಿಗೆ ಬಾಯಿಮಾತಿನಲ್ಲಿ ಸಾಗಿ ಬಂದು, ವರ್ಷವರ್ಷಕ್ಕೂ ಸ್ವಲ್ಪ ಸ್ವಲ್ಪವಾಗಿ ಬದಲಾಗುತ್ತಿತ್ತು. ಮೇಲಿನ ಅಂತಸ್ತಿನ ದಿಮ್ಮಿಗಳನ್ನು ಕೆಳಗಿನವುಗಳ ನಡುವೆ ಬೆಣೆಯಂತೆ ಬಡಿದುದರಿಂದ ಒಳಗಿನ ಒತ್ತಡ ಹೆಚ್ಚಿತು. ಹಿಂದಿನ ವರ್ಷಗಳಲ್ಲಿ ಸುತ್ತಲೂ ಬಿಗಿಯುತ್ತಿದ್ದ ಉಕ್ಕಿನ ಹಗ್ಗಗಳನ್ನು ಆ ವರ್ಷ ಬಳಸಿರಲಿಲ್ಲ. ಎಂಜಿನಿಯರಿಂಗ್ ವಿದ್ಯೆಗೆ ಹೆಸರಾದ ವಿಶ್ವವಿದ್ಯಾನಿಲಯದ ಆವರಣದಲ್ಲಿಯೇ ಇದು ನಡೆಯಿತು. ಅಧ್ಯಾಪಕರಿಗೆ ಎಲ್ಲಕ್ಕಿಂತ ಹೆಚ್ಚಾಗಿ ತಟ್ಟಬೇಕಾದುದು ಇದು: ತರಗತಿಯಲ್ಲಿ ಕಲಿಸುತ್ತಿದ್ದ ಶಾಸ್ತ್ರವನ್ನು ಬಾಗಿಲಾಚೆಯ ಸಂಪ್ರದಾಯಕ್ಕೆ ಅನ್ವಯಿಸುವ ಅಧಿಕಾರ ತಮಗುಂಟೆಂದು ಯಾರಿಗೂ ತೋರಲಿಲ್ಲ. ಆವರಣದಲ್ಲಿ ಅಗ್ನಿರಾಶಿ ನಿಂತಿತು. ಹೊರಗೆ ಕೆಲವು ವಿದ್ಯಾರ್ಥಿಗಳು ಅದನ್ನು ತಾವಾಗಿ ಮುಂದುವರಿಸಿದರು.

ಸಾವಿಗೆ ಬಗ್ಗದೆ ಉಳಿದ ಆ ಸ್ಪರ್ಧೆ ಹಣಕ್ಕೆ ಬಗ್ಗಿತು. ದೂರದರ್ಶನ ಪ್ರಸಾರದ ಹಕ್ಕುಗಳ ಮೇಲೆ ರಾಷ್ಟ್ರೀಯ ಕ್ರೀಡಾಸಂಘಕ್ಕಿದ್ದ ಹಿಡಿತವನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1984ರಲ್ಲಿ ತಪ್ಪಿಸಿದ ಮೇಲೆ, ಆ ಹಕ್ಕುಗಳನ್ನು ಮಾರುವ ಪ್ರಾದೇಶಿಕ ಒಕ್ಕೂಟಗಳು ಪ್ರಬಲವಾದವು. ಹೆಚ್ಚು ವರಮಾನವುಳ್ಳ ಒಕ್ಕೂಟಕ್ಕೆ ವಿಶ್ವವಿದ್ಯಾನಿಲಯಗಳು ವಲಸೆ ಹೋದಂತೆ ಹಳೆಯ ಜೋಡಿಗಳು ಮುರಿದವು. ಟೆಕ್ಸಾಸ್–ಎ ಅಂಡ್ ಎಂ ಪಂದ್ಯ 2011ರಲ್ಲಿ ನಿಂತು, ಎರಡೂ ಒಂದೇ ಒಕ್ಕೂಟಕ್ಕೆ ಬಂದ ಮೇಲೆ 2024ರಲ್ಲಿ ಪುನಃ ಆರಂಭವಾಯಿತು. ಟೆಕ್ಸಾಸ್ 17–7ರಿಂದ ಗೆದ್ದಿತು. ಒಕ್ಲಹೋಮದ ಎರಡು ವಿಶ್ವವಿದ್ಯಾನಿಲಯಗಳ ವಾರ್ಷಿಕ ಪಂದ್ಯ 2023ರ ಬಳಿಕ ಕಡಿದುಹೋಯಿತು. ಸಂಪ್ರದಾಯವನ್ನು ಮಾರಿ ಹಣ ಗಳಿಸಿದ ಆಡಳಿತಗಾರರೇ ಸಂಪ್ರದಾಯವನ್ನು ಹೊಗಳಿ ಭಾಷಣ ಮಾಡುತ್ತಾರೆಂಬುದನ್ನು ವಿಸ್ತರಿಸುವ ಅಗತ್ಯವಿಲ್ಲ.

ಪುರಾತನ ವೈರವೆಂಬ ವಾದಕ್ಕೆ ನಿಜವಾದ ಆಧಾರವಿರುವುದು ಪ್ರಾಯಃ ಕ್ಯಾನ್ಸಸ್–ಮಿಸ್ಸೂರಿ ಜೋಡಿಯೊಂದರಲ್ಲಿಯೇ. ಗುಲಾಮಗಿರಿಯ ಪ್ರಶ್ನೆಯ ಮೇಲೆ ಈ ಎರಡು ಪ್ರದೇಶಗಳ ಜನ 1850ರ ದಶಕದಲ್ಲಿ ರಕ್ತ ಹರಿಸಿದ್ದರು. ಕ್ಯಾನ್ಸಸ್ ವಿಶ್ವವಿದ್ಯಾನಿಲಯವಿರುವ ಲಾರೆನ್ಸ್ ಪಟ್ಟಣವನ್ನು ಮಿಸ್ಸೂರಿಯ ಕ್ವಾಂಟ್ರಿಲ್ಲನ ದಂಡು 1863ರ ಆಗಸ್ಟ್ 21ರಂದು ಸುಟ್ಟಿತು. 1891ರಿಂದ ನಡೆದು ಬಂದ ಅವರ ಪಂದ್ಯವೂ ಮಿಸ್ಸೂರಿ ಒಕ್ಕೂಟವನ್ನು ಬದಲಾಯಿಸಿದಾಗ, 2011ರ ಬಳಿಕ, ನಿಂತಿತು. ಅಂತರ್ಯುದ್ಧದ ನೆನಪು ಉಳಿಸಿಕೊಂಡಿದ್ದುದನ್ನು ಒಂದು ಕರಾರುಪತ್ರ ನಿಲ್ಲಿಸಿಬಿಟ್ಟಿತು. 2025ರ ಸೆಪ್ಟೆಂಬರಿನಲ್ಲಿ ಅವು ಮತ್ತೆ ಎದುರಾದವು, ಮಿಸ್ಸೂರಿ ಗೆದ್ದಿತು. ಆದರೆ 1960ರ ಪಂದ್ಯದಲ್ಲಿ ಕ್ಯಾನ್ಸಸ್ 23–7ರಿಂದ ಗೆದ್ದ ಮೇಲೆ, ಅನರ್ಹನಾದ ಆಟಗಾರನನ್ನು ಆಡಿಸಿತೆಂದು ಒಕ್ಕೂಟವು ಆ ಗೆಲುವನ್ನು ಮಿಸ್ಸೂರಿಗೆ ಕೊಟ್ಟಿತ್ತು. ಅದನ್ನು ಕ್ಯಾನ್ಸಸ್ ತನ್ನ ಗೆಲುವೆಂದೂ ಮಿಸ್ಸೂರಿ ತನ್ನದೆಂದೂ ಎಣಿಸುತ್ತಲೇ ಇರುವುದರಿಂದ, ಇವೆರಡರ ಒಟ್ಟು ಲೆಕ್ಕವು ಯಾವ ಕಡೆಯ ಪುಸ್ತಕವನ್ನು ತೆರೆದೆವೆಂಬುದನ್ನು ಅವಲಂಬಿಸಿದೆ.